ಪಿಟ್ಯುಟರಿ ಗ್ರಂಥಿ ತೆಗೆದ ಮೇಲೆ ನನ್ನದೇ ಮಗು ಆಗಬಹುದೇ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು. ಅಡಿಕೆ ತೋಟ ಇದೆ. ನನಗೆ 34 ವರ್ಷ, ಹೆಂಡತಿಗೆ 29. ಮೂರು ವರ್ಷದ ಹಿಂದೆ ತಲೆನೋವು ಶುರುವಾಗಿ ಕಣ್ಣು ಮಂಜಾಯಿತು. ಸ್ಕ್ಯಾನ್ ಮಾಡಿಸಿದಾಗ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗೆಡ್ಡೆ ಇದೆ ಅಂದರು. ಬೆಂಗಳೂರಿನಲ್ಲಿ ಮೂಗಿನ ಮೂಲಕ ಆಪರೇಷನ್ ಆಯಿತು, ಗ್ರಂಥಿಯನ್ನೂ ತೆಗೆಯಬೇಕಾಯಿತು. ಅಲ್ಲಿಂದ ಹೈಡ್ರೋಕಾರ್ಟಿಸೋನ್, ಥೈರಾಕ್ಸಿನ್ ಮಾತ್ರೆ ನುಂಗುತ್ತಿದ್ದೇನೆ. ಮೂರು ವಾರಕ್ಕೊಮ್ಮೆ ಟೆಸ್ಟೋಸ್ಟೆರೋನ್ ಇಂಜೆಕ್ಷನ್ ತಗೊಳ್ಳುತ್ತೇನೆ. ಮೈಯಲ್ಲಿ ಶಕ್ತಿ ಇದೆ, ದಾಂಪತ್ಯಕ್ಕೂ ತೊಂದರೆ ಇಲ್ಲ. ಆದರೆ ಮಗು ಆಗಿಲ್ಲ, ವೀರ್ಯ ಪರೀಕ್ಷೆಯಲ್ಲಿ ಸೊನ್ನೆ ಅಂತ ಬಂದಿದೆ. ಒಬ್ಬ ಡಾಕ್ಟರು ಕ್ಲೋಮಿಫೀನ್ ಮಾತ್ರೆ ಕೊಟ್ಟರು, ಪ್ರಯೋಜನ ಆಗಲಿಲ್ಲ. ಇನ್ನೊಬ್ಬರು ದಾನಿಯ ವೀರ್ಯ ತಗೊಳ್ಳಿ ಅಂದರು. ನನ್ನದೇ ಮಗು ಆಗಲು ಸಾಧ್ಯವಾ? ಅದಕ್ಕೆ ಇಂಜೆಕ್ಷನ್ ತಗೊಂಡರೆ ಹುಟ್ಟುವ ಮಗುವಿಗೆ ಏನಾದರೂ ಆಗುತ್ತಾ? ಈ ಗೆಡ್ಡೆ ಮಗುವಿಗೂ ಬರುತ್ತಾ? ಮನೆಯವರು ನಾಟಿ ಔಷಧಿ ಮಾಡಿಸೋಣ ಅನ್ನುತ್ತಿದ್ದಾರೆ. ಅದಕ್ಕೆ ಆರು ತಿಂಗಳು ಇಂಗ್ಲಿಷ್ ಮಾತ್ರೆ ಎಲ್ಲ ಬಿಡಬೇಕಂತೆ. ಬಿಡಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ, ಅದು ಕಾಯುವಂಥದ್ದಲ್ಲ. ಹೈಡ್ರೋಕಾರ್ಟಿಸೋನ್ ಬಿಡಬೇಡಿ. ಪಥ್ಯಕ್ಕೆ ಅಂತ ಬೇಡ, ಹರಕೆಗೆ ಅಂತ ಬೇಡ, ಉಪವಾಸದ ದಿನವೂ ಬೇಡ. ಜೀವಕ್ಕೆ ಬೇಕೇ ಬೇಕಾದ ಕಾರ್ಟಿಸಾಲ್ ಹಾರ್ಮೋನು ತಯಾರಿಸು ಅಂತ ಕಿಡ್ನಿಯ ಮೇಲಿರುವ ಅಡ್ರೀನಲ್ ಗ್ರಂಥಿಗೆ ಹೇಳುವುದೇ ಪಿಟ್ಯುಟರಿ. ಅದು ಇಲ್ಲದ ಮೇಲೆ ನಿಮ್ಮ ದೇಹಕ್ಕೆ ಬೇಕಾದ ಕಾರ್ಟಿಸಾಲ್ ಆ ಮಾತ್ರೆಯಿಂದಲೇ ಬರಬೇಕು. ಒಂದೆರಡು ದಿನ ತಪ್ಪಿದರೂ ಸುಸ್ತು, ವಾಂತಿ, ಬಿಪಿ ಕುಸಿಯುವುದು, ಎಚ್ಚರ ತಪ್ಪುವುದು, ಹೀಗೆ ಜೀವಕ್ಕೇ ಬರಬಹುದು. ನಾಟಿ ಔಷಧಿ ಕೊಡುವವರ ಜೊತೆ ನನಗೇನೂ ಜಗಳ ಇಲ್ಲ. ನಮ್ಮ ಮಲೆನಾಡಿನಲ್ಲಿ ಅದಕ್ಕೆ ಹಳೆಯ ಹೆಸರಿದೆ, ಜನರಿಗೆ ನಂಬಿಕೆಯೂ ಇದೆ. ಆದರೆ ತೆಗೆದುಹಾಕಿದ ಪಿಟ್ಯುಟರಿಯ ಕೆಲಸ ಮಾಡುವ ಬೇರು, ತೊಗಟೆ ಯಾವುದೂ ಇಲ್ಲ. ಮಾತ್ರೆ ಬಿಡಿಸುವ ಪಥ್ಯ ನಿಮ್ಮಂಥವರ ಪಾಲಿಗೆ ಅಪಾಯ. ಮನೆಯಲ್ಲಿ ಹಿರಿಯರು ಒತ್ತಾಯ ಮಾಡಿದರೆ ಈ ಸಾಲುಗಳನ್ನೇ ಓದಿ ಹೇಳಿ.

ಈಗ ಮುಖ್ಯ ವಿಷಯ. ನಿಮ್ಮದೇ ಮಗು ಆಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಗಂಡಸರಿಗೆ ಮಕ್ಕಳಾಗದಿರುವುದಕ್ಕೆ ನೂರೆಂಟು ಕಾರಣ ಇರುತ್ತವೆ. ಅವುಗಳಲ್ಲಿ ಔಷಧಿಯಿಂದ ನಿಜವಾಗಿ ಸರಿಹೋಗುವಂಥವು ಬೆರಳೆಣಿಕೆಯಷ್ಟು, ನಿಮ್ಮದು ಅದರಲ್ಲಿ ಒಂದು. ದಾನಿಯ ವೀರ್ಯದ ಮಾತು ಈಗಲೇ ಬೇಡ.

ಯಾಕೆ ಇಷ್ಟು ಧೈರ್ಯವಾಗಿ ಹೇಳುತ್ತೇನೆ ಅಂದರೆ, ನಿಮ್ಮ ವೃಷಣಗಳಿಗೆ ಏನೂ ಆಗಿಲ್ಲ. ತೋಟದ ಮೋಟಾರು ಸುಟ್ಟುಹೋಗುವುದು ಬೇರೆ, ಲೈನಿನಲ್ಲಿ ಕರೆಂಟ್ ಇಲ್ಲದಿರುವುದು ಬೇರೆ. ನಿಮ್ಮದು ಎರಡನೆಯದು. ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್, ಎಫ್‌ಎಸ್‌ಎಚ್ ಅನ್ನುವ ಎರಡು ಹಾರ್ಮೋನು ರಕ್ತದಲ್ಲಿ ಇಳಿದು ವೃಷಣಕ್ಕೆ ಬರುತ್ತವೆ. ವೃಷಣದಲ್ಲಿ ಲೈಡಿಗ್ ಕೋಶಗಳು ಅಂತ ಇವೆ. ಎಲ್‌ಎಚ್ ಬಂದರೆ ಅವು ಟೆಸ್ಟೋಸ್ಟೆರೋನ್ ತಯಾರಿಸುತ್ತವೆ. ಸರ್ಟೋಲಿ ಕೋಶಗಳು ಅಂತ ಇನ್ನೊಂದು ಬಗೆ ಇವೆ. ಬೆಳೆಯುತ್ತಿರುವ ವೀರ್ಯಾಣುಗಳನ್ನು ಸಾಕುವುದು ಅವುಗಳ ಕೆಲಸ, ಅವಕ್ಕೆ ಎಫ್‌ಎಸ್‌ಎಚ್ ಬೇಕು. ಪಿಟ್ಯುಟರಿ ಹೋದ ಮೇಲೆ ಎರಡೂ ನಿಂತವು. ಕೋಶಗಳು ಸತ್ತಿಲ್ಲ, ಸುಮ್ನೆ ಕೂತಿವೆ.

ಹಾಗಾದರೆ ಇಷ್ಟು ದಿನ ಟೆಸ್ಟೋಸ್ಟೆರೋನ್ ಚುಚ್ಚಿಸಿಕೊಂಡೆನಲ್ಲ, ಅದು ಸಾಲದಾ ಅಂತ ನೀವು ಕೇಳಬಹುದು. ಸಾಲದು. ಗಡ್ಡ, ಮಾಂಸಖಂಡ, ಮೂಳೆ, ಆಸೆ, ನಿಮಿರುವಿಕೆ ಇವಕ್ಕೆಲ್ಲ ರಕ್ತದಲ್ಲಿ ಇರುವ ಟೆಸ್ಟೋಸ್ಟೆರೋನ್ ಸಾಕು. ವೀರ್ಯಾಣು ತಯಾರಾಗಲು ವೃಷಣದ ಒಳಗೇ ಅದು ಬೇಕು, ಅದೂ ರಕ್ತದಲ್ಲಿ ಇರುವುದಕ್ಕಿಂತ ಹತ್ತಾರು ಪಟ್ಟು ಜಾಸ್ತಿ. ಅಷ್ಟು ಪ್ರಮಾಣ ಅಲ್ಲೇ ತಯಾರಾದರೆ ಮಾತ್ರ ಸಿಗುತ್ತದೆ. ಸೊಂಟಕ್ಕೆ ಚುಚ್ಚಿದ ಇಂಜೆಕ್ಷನ್ ಅಲ್ಲಿಗೆ ಅಷ್ಟು ಮುಟ್ಟುವುದಿಲ್ಲ. ಒಂದು ವೇಳೆ ಪಿಟ್ಯುಟರಿಯ ಚೂರು ಉಳಿದಿದ್ದು ಸ್ವಲ್ಪ ಎಲ್‌ಎಚ್ ಕೊಡುತ್ತಿದ್ದರೆ, ಹೊರಗಿನ ಟೆಸ್ಟೋಸ್ಟೆರೋನ್ ಅದನ್ನೂ ಅಡಗಿಸುತ್ತದೆ. ಅಂದರೆ ಮಗು ಬೇಕು ಅನ್ನುವವರಿಗೆ ಆ ಇಂಜೆಕ್ಷನ್ ಉಲ್ಟಾ ಕೆಲಸ ಮಾಡುತ್ತದೆ. ಆಪರೇಷನ್ ಆದ ಮೇಲೆ ಇದನ್ನು ಯಾರೂ ಬಿಡಿಸಿ ಹೇಳದೆ ಇರುವುದು ನಮ್ಮಲ್ಲಿ ತೀರಾ ಸಾಮಾನ್ಯ. ಬೇಜಾರಿನ ಸಂಗತಿ.

ಕ್ಲೋಮಿಫೀನ್ ಯಾಕೆ ಕೆಲಸ ಮಾಡಲಿಲ್ಲ ಅನ್ನುವುದೂ ಇದರಲ್ಲೇ ಇದೆ. ಇನ್ನಷ್ಟು ಎಲ್‌ಎಚ್, ಎಫ್‌ಎಸ್‌ಎಚ್ ಬಿಡು ಅಂತ ಪಿಟ್ಯುಟರಿಯನ್ನು ಎಬ್ಬಿಸುವ ಮಾತ್ರೆ ಅದು. ಪಿಟ್ಯುಟರಿಯೇ ಇಲ್ಲದಿದ್ದರೆ ಎಬ್ಬಿಸುವುದು ಯಾರನ್ನು? ಇದೇ ಉದ್ದೇಶಕ್ಕೆ ಕೊಡುವ ಲೆಟ್ರೊಜೋಲ್ ಮಾತ್ರೆಯದ್ದೂ ಇದೇ ಕಥೆ. ಮಿದುಳಿನಿಂದ ಪಿಟ್ಯುಟರಿಗೆ ಸೂಚನೆ ತರುವ ಜಿಎನ್‌ಆರ್‌ಎಚ್ ಹಾರ್ಮೋನನ್ನು ಪಂಪ್ ಮೂಲಕ ಕೊಡುವ ಚಿಕಿತ್ಸೆ ಒಂದಿದೆ. ಹುಟ್ಟಿನಿಂದ ಆ ಹಾರ್ಮೋನು ಕಡಿಮೆ ಇರುವವರಿಗೆ ಅದು ಒಳ್ಳೆಯದು, ನಿಮಗಲ್ಲ. ಯಾವುದಾದರೂ ಸೆಂಟರಿನಲ್ಲಿ ವೀರ್ಯಾಣು ಹೆಚ್ಚಿಸುವ ವಿಟಮಿನ್ ಅಂತ ಚೀಟಿ ತುಂಬಾ ಬರೆದುಕೊಟ್ಟರೆ ಆ ದುಡ್ಡು ಉಳಿಸಿಕೊಳ್ಳಿ. ಮುಂದೆ ಬೇಕಾಗುತ್ತದೆ.

ನಿಮಗೆ ಬೇಕಾದ ಚಿಕಿತ್ಸೆ ನೇರವಾದದ್ದು. ಪಿಟ್ಯುಟರಿ ಕೊಡಬೇಕಿದ್ದ ಎರಡು ಹಾರ್ಮೋನುಗಳನ್ನು ಹೊರಗಿನಿಂದ ಕೊಡುವುದು. ಇದು ಹೊಸ ಪ್ರಯೋಗ ಅಂತ ಹೆದರಬೇಡಿ. 1964ರಲ್ಲೇ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಇದರ ಬಗ್ಗೆ ಎರಡು ವರದಿ ಬಂದವು. ಒಂದು ಸ್ವೀಡನ್ನಿನ ಕಾರ್ಲ್ ಗೆಮ್ಜೆಲ್ ಮತ್ತು ಅವರ ಸಹೋದ್ಯೋಗಿಯದು, ಇನ್ನೊಂದು ನ್ಯೂಯಾರ್ಕಿನ ಜಾನ್ ಮೆಕ್‌ಲಿಯಾಡ್ ತಂಡದ್ದು. ಗೆಮ್ಜೆಲ್ ಬಳಸಿದ ಹಾರ್ಮೋನು ಸತ್ತವರ ಪಿಟ್ಯುಟರಿಯಿಂದ ತೆಗೆದದ್ದು. ಹಾಗೆ ತೆಗೆದ ಔಷಧಿಯಿಂದ ಅಪರೂಪಕ್ಕೆ ಮಿದುಳಿನ ಕಾಯಿಲೆ ಹರಡುತ್ತದೆ ಅಂತ ಆಮೇಲೆ ಗೊತ್ತಾಗಿ ಆ ದಾರಿ ಮುಚ್ಚಿಹೋಯಿತು. ಮೆಕ್‌ಲಿಯಾಡ್ ಬಳಸಿದ್ದು ಮುಟ್ಟು ನಿಂತ ಹೆಂಗಸರ ಮೂತ್ರದಿಂದ ತೆಗೆದ ಹಾರ್ಮೋನು. ಮುಟ್ಟು ನಿಂತ ಮೇಲೆ ಹೆಂಗಸರ ದೇಹದಲ್ಲಿ ಎಫ್‌ಎಸ್‌ಎಚ್, ಎಲ್‌ಎಚ್ ಎರಡೂ ಏರುತ್ತವೆ, ಮೂತ್ರದಲ್ಲೂ ಹೋಗುತ್ತವೆ. ಇಟಲಿಯಲ್ಲಿ ಈ ಔಷಧಿ ತಯಾರಿಸಲು ಕಾನ್ವೆಂಟುಗಳಲ್ಲಿದ್ದ ವಯಸ್ಸಾದ ಸನ್ಯಾಸಿನಿಯರಿಂದ ಮೂತ್ರ ಸಂಗ್ರಹಿಸುತ್ತಿದ್ದರು. ಮಕ್ಕಳೇ ಬೇಡ ಅಂತ ಸನ್ಯಾಸ ತಗೊಂಡವರಿಂದ ಎಷ್ಟು ಮನೆಗಳಲ್ಲಿ ತೊಟ್ಟಿಲು ತೂಗಿತು ನೋಡಿ! ಈ ಬಗೆಯ ಔಷಧಿಗೆ ಎಚ್‌ಎಂಜಿ ಅನ್ನುತ್ತಾರೆ. ಈಗಲೂ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ.

ಚಿಕಿತ್ಸೆ ಶುರುವಾಗುವುದು ಎಚ್‌ಸಿಜಿ ಇಂಜೆಕ್ಷನ್‌ನಿಂದ. ಇದು ಬಸುರಿಯರ ದೇಹದಲ್ಲಿ ಬರುವ ಹಾರ್ಮೋನು. ಆಕಾರದಲ್ಲಿ ಎಲ್‌ಎಚ್‌ಗೆ ಎಷ್ಟು ಹತ್ತಿರ ಅಂದರೆ, ಲೈಡಿಗ್ ಕೋಶಗಳಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಂದಹಾಗೆ, ಇದನ್ನು ತಗೊಳ್ಳುವ ದಿನಗಳಲ್ಲಿ ನೀವು ಮನೆಯಲ್ಲಿ ಗರ್ಭ ಪರೀಕ್ಷೆಯ ಕಾರ್ಡಿಗೆ ಮೂತ್ರ ಹಾಕಿದರೆ ಎರಡು ಗೆರೆ ಬರಬಹುದು. ಗಾಬರಿ ಬೇಡ, ಕಾರ್ಡು ಹುಡುಕುವುದೇ ಈ ಹಾರ್ಮೋನನ್ನು.

ಸಾಮಾನ್ಯವಾಗಿ 1500ರಿಂದ 2000 ಯೂನಿಟ್, ವಾರಕ್ಕೆ ಎರಡು ಅಥವಾ ಮೂರು ಸಲ. ನಿಮಗೆ ಎಷ್ಟು ಅನ್ನುವುದನ್ನು ಎಂಡೋಕ್ರೈನಾಲಜಿಸ್ಟ್, ಅಂದರೆ ಹಾರ್ಮೋನು ತಜ್ಞರು ನಿಗದಿ ಮಾಡಬೇಕು. ಮುಂದಿನ ಟೆಸ್ಟೋಸ್ಟೆರೋನ್ ಇಂಜೆಕ್ಷನ್ ತಗೊಳ್ಳಬೇಕಾದ ದಿನ ಅದನ್ನು ಬಿಟ್ಟು ಎಚ್‌ಸಿಜಿ ಶುರು ಮಾಡುವುದು ಸಾಮಾನ್ಯ ಕ್ರಮ. ಟೆಸ್ಟೋಸ್ಟೆರೋನ್ ಬಿಟ್ಟರೆ ಶಕ್ತಿ ಹೋಗುತ್ತದೆ, ಆಸೆ ಹೋಗುತ್ತದೆ ಅನ್ನುವ ಹೆದರಿಕೆ ಎಲ್ಲರಿಗೂ ಇರುತ್ತದೆ. ಮೊದಲ ಕೆಲವು ವಾರ ಸ್ವಲ್ಪ ಮಂಕು ಅನ್ನಿಸಬಹುದು. ಆಮೇಲೆ ನಿಮ್ಮ ವೃಷಣವೇ ಟೆಸ್ಟೋಸ್ಟೆರೋನ್ ಕೊಡಲು ಶುರು ಮಾಡುತ್ತದೆ. ಒಂದೆರಡು ತಿಂಗಳಿಗೆ ರಕ್ತದಲ್ಲಿ ಅದರ ಮಟ್ಟ ನೋಡಿ ಡೋಸ್ ಏರಿಸುವುದೋ ಇಳಿಸುವುದೋ ಮಾಡುತ್ತಾರೆ.

ಇಲ್ಲಿ ಒಂದು ವಿಷಯದ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಎಡವುವುದು ಇಲ್ಲೇ. ಎಚ್‌ಸಿಜಿ ಪುಡಿಯಾಗಿ ಬರುತ್ತದೆ. ಸಣ್ಣ ಗಾಜಿನ ಬಾಟಲಿಯ ತಳದಲ್ಲಿ ಬಿಳಿ ಪುಡಿ, ಜೊತೆಗೆ ಕಲಸುವ ನೀರಿನ ಆಂಪ್ಯೂಲ್. ಮಾರುಕಟ್ಟೆಯಲ್ಲಿ 2000, 5000, 10000 ಯೂನಿಟ್ಟಿನ ಬಾಟಲಿಗಳಿವೆ. ಡಾಕ್ಟರು 2000 ಅಂತ ಬರೆದಿರುತ್ತಾರೆ, ಅಂಗಡಿಯಲ್ಲಿ 5000 ಮಾತ್ರ ಇರುತ್ತದೆ. ಅದಕ್ಕೆ 1 ಎಂಎಲ್ ನೀರು ಹಾಕಿ ಕಲಸಿದರೆ 2000 ಯೂನಿಟ್ ಅಂದರೆ 0.4 ಎಂಎಲ್. ಹೊಟ್ಟೆಯ ಚರ್ಮದ ಕೆಳಗೆ ಚುಚ್ಚಿಕೊಳ್ಳಲು ಇನ್ಸುಲಿನ್ ಸಿರಿಂಜ್ ಬಹಳ ಅನುಕೂಲ. ತೊಂದರೆ ಏನೆಂದರೆ, ನಮ್ಮಲ್ಲಿ ಇನ್ಸುಲಿನ್ ಸಿರಿಂಜ್ ಎರಡು ಬಗೆ. ಕಿತ್ತಳೆ ಮುಚ್ಚಳದ ಯು-100 ಸಿರಿಂಜಿನಲ್ಲಿ 0.4 ಎಂಎಲ್ ಅಂದರೆ 40ರ ಗೆರೆ. ಕೆಂಪು ಮುಚ್ಚಳದ ಯು-40 ಸಿರಿಂಜಿನಲ್ಲಿ ಅದೇ 0.4 ಎಂಎಲ್ ಅಂದರೆ 16ರ ಗೆರೆ. ಅದರಲ್ಲಿ 40ರ ಗೆರೆವರೆಗೆ ಎಳೆದರೆ ಪೂರ್ತಿ 1 ಎಂಎಲ್, ಅಂದರೆ 5000 ಯೂನಿಟ್ಟೂ ಒಂದೇ ಸಲ ಒಳಗೆ ಹೋಗುತ್ತದೆ. ಸಿರಿಂಜಿನ ಮೇಲೆ ಬರೆದ ಯೂನಿಟ್ ಇನ್ಸುಲಿನ್ನಿನದ್ದು. ಎಚ್‌ಸಿಜಿ ಯೂನಿಟ್ಟಿಗೂ ಅದಕ್ಕೂ ಸಂಬಂಧ ಇಲ್ಲ. ಹಾಗಾಗಿ ಎಷ್ಟು ನೀರು, ಯಾವ ಸಿರಿಂಜ್, ಯಾವ ಗೆರೆ, ಮೂರನ್ನೂ ನರ್ಸ್ ಕೈಯಲ್ಲಿ ಒಂದು ಚೀಟಿಯ ಮೇಲೆ ಬರೆಸಿಕೊಂಡು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಮೊದಲ ಒಂದೆರಡು ಸಲ ಅವರ ಎದುರಿಗೇ ಚುಚ್ಚಿಕೊಳ್ಳಿ. ಆಮೇಲೆ ಅಭ್ಯಾಸ ಆಗುತ್ತದೆ.

ಬಾಟಲಿಯನ್ನು ಫ್ರಿಜ್ಜಿನಲ್ಲಿ ಇಡಿ, ಫ್ರೀಜರಿನಲ್ಲಲ್ಲ. ಕಲಸಿದ ಮೇಲಂತೂ ಫ್ರಿಜ್ ಬೇಕೇ ಬೇಕು. ಉಳಿದದ್ದನ್ನು ಎಷ್ಟು ದಿನ ಬಳಸಬಹುದು ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ, ಪೆಟ್ಟಿಗೆಯೊಳಗಿನ ಕಾಗದ ಓದಿ. ಆಷಾಢದಲ್ಲಿ ನಿಮ್ಮ ಕಡೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುತ್ತದೆ ಅಲ್ವಾ? ಆಗ ಒಂದು ಥರ್ಮೋಕೋಲ್ ಡಬ್ಬಿ, ಎರಡು ಐಸ್ ಪ್ಯಾಕ್ ಇದ್ದರೆ ಸಾಕು. ಐಸ್ ಪ್ಯಾಕಿಗೆ ಬಟ್ಟೆ ಸುತ್ತಿ, ಬಾಟಲಿ ನೇರವಾಗಿ ಅದಕ್ಕೆ ತಾಗದಿರಲಿ. ಮಳೆಗಾಲದಲ್ಲಿ ಒಂದೇ ಸಲ ಮೂರು ತಿಂಗಳ ಔಷಧಿ ತಂದಿಡುವ ಜಾಣತನ ಬೇಡ.

ಕೆಲವರಿಗೆ ಎಚ್‌ಸಿಜಿ ಒಂದರಿಂದಲೇ ವೀರ್ಯಾಣು ಬಂದುಬಿಡುತ್ತದೆ. ಅದರಲ್ಲೂ ನಿಮ್ಮ ಹಾಗೆ ಹದಿಹರೆಯ ಸರಿಯಾಗಿ ಆಗಿ, ದನಿ ಒಡೆದು, ಗಡ್ಡ ಮೀಸೆ ಬಂದು, ಆಮೇಲೆ ಪಿಟ್ಯುಟರಿ ಕಳಕೊಂಡವರಿಗೆ. ಹುಟ್ಟಿನಿಂದ ಹಾರ್ಮೋನು ಇಲ್ಲದವರ ವೃಷಣ ಬೆಳೆದೇ ಇರುವುದಿಲ್ಲ, ಅವರದ್ದು ಕಷ್ಟದ ದಾರಿ. ನಿಮ್ಮದು ಒಮ್ಮೆ ಬಲಿತು ಕೆಲಸ ಮಾಡಿದ್ದು. ಈ ಮೂರು ವರ್ಷದಲ್ಲಿ ಸ್ವಲ್ಪ ಸೊರಗಿರುತ್ತದೆ ಅಷ್ಟೆ. ಎಷ್ಟು ಸೊರಗಿದೆ ಅಂತ ನೋಡಲು ತಜ್ಞರ ಹತ್ತಿರ ಒಂದು ಮಣಿಸರ ಇರುತ್ತದೆ. ಚಿಕ್ಕದರಿಂದ ದೊಡ್ಡದರವರೆಗೆ ಮರದ್ದೋ ಪ್ಲಾಸ್ಟಿಕ್ಕಿನದೋ ಮೊಟ್ಟೆಯಾಕಾರದ ಮಣಿಗಳು, ಒಂದೊಂದರ ಮೇಲೂ ಎಂಎಲ್ ಬರೆದಿರುತ್ತದೆ. ಒಂದು ಕೈಯಲ್ಲಿ ಮಣಿ ಹಿಡಿದು ಇನ್ನೊಂದು ಕೈಯಲ್ಲಿ ವೃಷಣ ಮುಟ್ಟಿ ಹೋಲಿಸುತ್ತಾರೆ. ಬೆಳೆದ ಗಂಡಸಿಗೆ 15ರಿಂದ 25 ಎಂಎಲ್ ಸಾಮಾನ್ಯ. ಚಿಕಿತ್ಸೆ ಶುರುವಾಗುವ ಮೊದಲ ದಿನದ ಅಳತೆ ಬರೆದಿಟ್ಟುಕೊಳ್ಳಿ. ಅಳತೆ ದೊಡ್ಡದಿದ್ದಷ್ಟೂ ಫಲ ಬೇಗ. ಚಿಕಿತ್ಸೆ ನಡೆದ ಹಾಗೆ ಅದು ಹೆಚ್ಚಾಗುವುದು ಒಳ್ಳೆಯ ಲಕ್ಷಣ. ಚಿಕ್ಕಂದಿನಲ್ಲಿ ವೃಷಣ ಕೆಳಗೆ ಇಳಿಯದೆ ಆಪರೇಷನ್ ಏನಾದರೂ ಆಗಿದ್ದರೆ ಮರೆಯದೆ ಹೇಳಿ, ಅದು ಲೆಕ್ಕ ಬದಲಿಸುತ್ತದೆ.

ಎಚ್‌ಸಿಜಿ ಶುರುವಾಗಿ ಮೂರರಿಂದ ಆರು ತಿಂಗಳಾಗಿ, ಟೆಸ್ಟೋಸ್ಟೆರೋನ್ ಸರಿಯಾಗಿದ್ದೂ ವೀರ್ಯಾಣು ಕಾಣದಿದ್ದರೆ ಎಫ್‌ಎಸ್‌ಎಚ್ ಸೇರಿಸುತ್ತಾರೆ. ಎಚ್‌ಎಂಜಿ ರೂಪದಲ್ಲೋ, ಪ್ರಯೋಗಶಾಲೆಯಲ್ಲಿ ತಯಾರಾಗುವ ಶುದ್ಧ ಎಫ್‌ಎಸ್‌ಎಚ್ ರೂಪದಲ್ಲೋ, 75ರಿಂದ 150 ಯೂನಿಟ್, ವಾರಕ್ಕೆ ಎರಡು ಮೂರು ಸಲ. ಎಚ್‌ಸಿಜಿ ನಿಲ್ಲುವುದಿಲ್ಲ, ಎರಡೂ ಜೊತೆಗೆ ನಡೆಯಬೇಕು. ಶುದ್ಧ ಎಫ್‌ಎಸ್‌ಎಚ್‌ಗೆ ದುಡ್ಡು ಜಾಸ್ತಿ. ವೀರ್ಯಾಣು ವಿಷಯದಲ್ಲಿ ಅದಕ್ಕೆ ತಕ್ಕಷ್ಟು ಹೆಚ್ಚುಗಾರಿಕೆ ಇದೆ ಅಂತ ನನಗೆ ಅನ್ನಿಸಿಲ್ಲ. ಅಡಿಕೆ ದುಡ್ಡು ವರ್ಷಕ್ಕೊಮ್ಮೆ ಕೈಗೆ ಬರುವ ಮನೆಯವರಿಗೆ ನಾನು ಎಚ್‌ಎಂಜಿಯನ್ನೇ ಹೇಳುತ್ತೇನೆ. ಮಧ್ಯೆ ದುಡ್ಡು ಸಾಲದೆ ನಿಲ್ಲಿಸುವುದಕ್ಕಿಂತ ಕಡಿಮೆ ಬೆಲೆಯದನ್ನು ಬಿಡದೆ ತಗೊಳ್ಳುವುದು ಮೇಲು.

ಎಷ್ಟು ಕಾಲ? ಒಂದು ವೀರ್ಯಾಣು ಮೊದಲ ಕೋಶದಿಂದ ಹಿಡಿದು ತಯಾರಾಗಲು ಸುಮಾರು 74 ದಿನ ಬೇಕು. ಆಮೇಲೆ ನಾಳದಲ್ಲಿ ಬಲಿತು ಹೊರಗೆ ಬರಲು ಇನ್ನೂ ಕೆಲವು ದಿನ. ಹಾಗಾಗಿ ಮೊದಲ ಮೂರು ತಿಂಗಳು ವೀರ್ಯ ಪರೀಕ್ಷೆಗೆ ಹೋಗುವುದು ದಂಡ. ಮೊದಲ ವೀರ್ಯಾಣು ಕಾಣಲು ಆರೇಳು ತಿಂಗಳು ಹಿಡಿಯುವುದು ಸಾಮಾನ್ಯ, ಕೆಲವರಿಗೆ ಒಂದೂವರೆ ಎರಡು ವರ್ಷವೂ ಆಗುತ್ತದೆ. ಈ ಮಳೆಗಾಲದ ಹೊತ್ತಿಗೆ ಶುರು ಮಾಡಿದರೆ, ಅಡಿಕೆ ಕೊಯ್ಲು ಮುಗಿಯುವ ತನಕ ರಿಪೋರ್ಟಿನಲ್ಲಿ ಸೊನ್ನೆ ಇದ್ದರೂ ಎದೆಗುಂದಬೇಡಿ. ಒಟ್ಟಾರೆ ನೋಡಿದರೆ ಎರಡೂ ಔಷಧಿ ಸರಿಯಾಗಿ ತಗೊಂಡವರಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಜನರಿಗೆ ವೀರ್ಯಾಣು ಬರುತ್ತದೆ. ಹದಿಹರೆಯ ದಾಟಿದ ಮೇಲೆ ತೊಂದರೆ ಬಂದವರಲ್ಲಿ ಫಲ ಇನ್ನೂ ಚೆನ್ನಾಗಿದೆ.

ರಿಪೋರ್ಟ್ ಓದುವಾಗ ಒಂದು ಮಾತು ನೆನಪಿಡಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಒಂದು ಎಂಎಲ್‌ಗೆ 1.6 ಕೋಟಿ ವೀರ್ಯಾಣು ಅನ್ನುವುದು ಕೆಳಗಿನ ಮಿತಿ. ನಿಮ್ಮ ಎಣಿಕೆ ಅಲ್ಲಿಗೆ ಮುಟ್ಟದೇ ಇರಬಹುದು. ಚಿಂತೆ ಇಲ್ಲ. ಈ ಚಿಕಿತ್ಸೆಯಲ್ಲಿ ಇರುವವರ ಹೆಂಡತಿಯರು 50 ಲಕ್ಷ, ಕೆಲವೊಮ್ಮೆ ಅದಕ್ಕಿಂತ ಕಡಿಮೆ ಎಣಿಕೆಯಲ್ಲೂ ಸಹಜವಾಗಿ ಬಸಿರಾಗುತ್ತಾರೆ. ಎಣಿಕೆ ಕಡಿಮೆ ಇದ್ದರೂ ಇಲ್ಲಿ ಹುಟ್ಟುವ ವೀರ್ಯಾಣುಗಳು ಸಾಮಾನ್ಯವಾಗಿ ಗಟ್ಟಿ. ಕಡಿಮೆ ಎಣಿಕೆ ನೋಡಿದ ತಕ್ಷಣ ಐವಿಎಫ್‌ಗೆ, ಅಂದರೆ ಪ್ರನಾಳ ಶಿಶು ಚಿಕಿತ್ಸೆಗೆ ಅವಸರ ಮಾಡುವವರ ಮಾತಿಗೆ ತಲೆಯಾಡಿಸಬೇಡಿ.

ಪರೀಕ್ಷೆ ಎಲ್ಲಿ ಮಾಡಿಸಬೇಕು ಅನ್ನುವುದೂ ಮುಖ್ಯ. ವೀರ್ಯ ಒಂದು ಗಂಟೆಯೊಳಗೆ ಲ್ಯಾಬ್ ತಲುಪಬೇಕು, ಅದೂ ಮೈ ಬಿಸಿಯಲ್ಲಿ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ 60 ಕಿಲೋಮೀಟರ್ ಹತ್ತಿರ. ಡಬ್ಬಿ ಜೇಬಿನಲ್ಲಿಟ್ಟು ಬೆಳಗಿನ ಬಸ್ ಹತ್ತಿದರೆ ಮಂಡಗದ್ದೆ ದಾಟಿ ಗಾಜನೂರು ಬರುವಷ್ಟರಲ್ಲೇ ಹೊತ್ತು ಮೀರಿರುತ್ತದೆ. ಲ್ಯಾಬಿನಲ್ಲೇ ಕೊಡಿ. ಅದಕ್ಕೆ ಅಂತಲೇ ಕೋಣೆ ಇರುವ ಜಾಗ ಹುಡುಕಿ. ಸಂಕೋಚ ಆಗುತ್ತದೆ ಅಂದರೆ ಹಿಂದಿನ ರಾತ್ರಿ ಶಿವಮೊಗ್ಗದಲ್ಲೇ ಉಳಿದು ಬೆಳಿಗ್ಗೆ ರೂಮಿನಿಂದ ತಗೊಂಡು ಹೋಗಿ. ಅದಕ್ಕೆ ಮುಂಚೆ ಎರಡರಿಂದ ಏಳು ದಿನ ಸ್ಖಲನ ಆಗಿರಬಾರದು. ಡಬ್ಬಿಯಿಂದ ಆಚೆ ಬಿದ್ದರೆ ಹೇಳಿಬಿಡಿ, ಅದರಲ್ಲೂ ಮೊದಲ ಹನಿ. ವೀರ್ಯಾಣು ಜಾಸ್ತಿ ಇರುವುದು ಅದರಲ್ಲೇ. ಸೊನ್ನೆ ಅಂತ ಬಂದರೆ ಯಂತ್ರದಲ್ಲಿ ತಿರುಗಿಸಿ, ತಳದಲ್ಲಿ ಕೂತದ್ದನ್ನು ನೋಡಿದ್ದೀರಾ ಅಂತ ಕೇಳಿ. ಮೇಲಿನ ಒಂದು ಹನಿ ನೋಡಿ ಸೊನ್ನೆ ಬರೆದದ್ದು ಎಷ್ಟೋ ಸಲ ನಿಜವಾದ ಸೊನ್ನೆ ಆಗಿರುವುದಿಲ್ಲ. ಹತ್ತಿಪ್ಪತ್ತು ವೀರ್ಯಾಣು ಸಿಕ್ಕರೂ ಅದು ದೊಡ್ಡ ಸುದ್ದಿ.

ಎರಡು ವರ್ಷ ಬಿಡದೆ ಮಾಡಿಯೂ ಏನೂ ಕಾಣದಿದ್ದರೆ ಆಗಲೂ ಬಾಗಿಲು ಮುಚ್ಚಿಲ್ಲ. ವೃಷಣದೊಳಗೆ ಅಲ್ಲಲ್ಲಿ ವೀರ್ಯಾಣು ಹುಟ್ಟಿರುತ್ತದೆ, ಹೊರಗೆ ಬರುವಷ್ಟು ಇರುವುದಿಲ್ಲ. ಸಣ್ಣ ಆಪರೇಷನ್ ಮಾಡಿ ಅದನ್ನು ತೆಗೆದು, ಇಕ್ಸಿ ಅನ್ನುವ ವಿಧಾನದಲ್ಲಿ ಲ್ಯಾಬಿನಲ್ಲೇ ಒಂದೊಂದು ವೀರ್ಯಾಣುವನ್ನು ಅಂಡಾಣುವಿನೊಳಗೆ ಸೇರಿಸಬಹುದು. ಅದು ಆಮೇಲಿನ ಮಾತು.

ಚಿಕಿತ್ಸೆ ಶುರುವಾಗುವ ಮುಂಚೆ ಕೆಲವು ಪರೀಕ್ಷೆ ಬೇಕು. ಪ್ರೊಲ್ಯಾಕ್ಟಿನ್ ಅನ್ನುವ ಪಿಟ್ಯುಟರಿ ಹಾರ್ಮೋನು ನೋಡಬೇಕು. ಗೆಡ್ಡೆ ಆ ಹಾರ್ಮೋನು ಸುರಿಸುವ ಜಾತಿಯದಾಗಿದ್ದು ಚೂರು ಉಳಿದಿದ್ದರೆ ಅದಕ್ಕೆ ಮಾತ್ರೆ ಬೇರೆ ಇದೆ. ಹಳೆಯ ಆಪರೇಷನ್ ಕಾಗದ, ಬಯಾಪ್ಸಿ ರಿಪೋರ್ಟ್, ಕೊನೆಯ ಎಂಆರ್‌ಐ ತಗೊಂಡು ಹೋಗಿ. ಗೆಡ್ಡೆ ಮತ್ತೆ ಬೆಳೆದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ರಕ್ತದ ಸಾಂದ್ರತೆ, ಅಂದರೆ ಹಿಮಾಟೋಕ್ರಿಟ್ ನೋಡಬೇಕು, ಯಾಕೆಂದರೆ ಟೆಸ್ಟೋಸ್ಟೆರೋನ್ ಏರಿದರೆ ಅದೂ ಏರುತ್ತದೆ. ಇನ್ನು ಥೈರಾಯ್ಡ್. ನಿಮ್ಮಂಥವರಲ್ಲಿ ಟಿಎಸ್‌ಎಚ್ ನೋಡಿ ಥೈರಾಕ್ಸಿನ್ ಡೋಸ್ ನಿರ್ಧರಿಸಬಾರದು. ಥೈರಾಯ್ಡ್ ಗ್ರಂಥಿಯನ್ನು ಎಬ್ಬಿಸುವ ಈ ಟಿಎಸ್‌ಎಚ್ ಬರುವುದೇ ಪಿಟ್ಯುಟರಿಯಿಂದ, ಅದು ಕಡಿಮೆ ಇರಲೇಬೇಕು. ಅದನ್ನು ನೋಡಿ ಮಾತ್ರೆ ಜಾಸ್ತಿ ಆಯಿತು ಅಂತ ಡೋಸ್ ಇಳಿಸುವವರು ಇದ್ದಾರೆ. ನೋಡಬೇಕಾದದ್ದು ಫ್ರೀ ಟಿ4, ಅಂದರೆ ರಕ್ತದಲ್ಲಿರುವ ಥೈರಾಕ್ಸಿನ್ ಮಟ್ಟ. ಥೈರಾಯ್ಡ್ ಕಡಿಮೆ ಇದ್ದರೆ ಉಳಿದದ್ದೂ ಕುಂಟುತ್ತದೆ.

ಹೆಂಡತಿಗೂ ಇದೇ ಹೊತ್ತಿನಲ್ಲಿ ಪರೀಕ್ಷೆ ಆಗಲಿ. ಗರ್ಭನಾಳ ತೆರೆದಿದೆಯಾ, ಅಂಡಾಣು ಸರಿಯಾಗಿ ಬಿಡುಗಡೆ ಆಗುತ್ತಿದೆಯಾ, ಅಂಡಾಣು ಸಂಗ್ರಹ ತಿಳಿಸುವ ಎಎಂಎಚ್ ಎಷ್ಟಿದೆ, ಇಷ್ಟು ಸಾಕು. ನೀವು ಎರಡು ವರ್ಷ ಚುಚ್ಚಿಕೊಂಡು ವೀರ್ಯಾಣು ತಂದ ಮೇಲೆ ಅಲ್ಲೊಂದು ತೊಂದರೆ ಇದೆ ಅಂತ ಗೊತ್ತಾಗುವುದು ಬೇಡ. ಅವರಿಗೆ 29, ಹಾಗಾಗಿ ಕಾಯಲು ಸಮಯ ಇದೆ. 38 ಆಗಿದ್ದರೆ ನಾನು ಬೇರೆಯೇ ಹೇಳುತ್ತಿದ್ದೆ. ಇನ್ನೊಂದು, ಕಾರಣ ನಿಮ್ಮ ಆಪರೇಷನ್ ಅಂತ ಮನೆಯವರಿಗೆ ನೀವೇ ಬಾಯಿಬಿಟ್ಟು ಹೇಳಿ. ಹೇಳದೇ ಇದ್ದರೆ ಮದುವೆ, ಸೀಮಂತಕ್ಕೆ ಹೋದಲ್ಲೆಲ್ಲ ಪ್ರಶ್ನೆ ಕೇಳಿಸಿಕೊಳ್ಳುವುದು ನಿಮ್ಮ ಹೆಂಡತಿ.

ಅಡ್ಡ ಪರಿಣಾಮ ಹೆಚ್ಚೇನಿಲ್ಲ. ಎಚ್‌ಸಿಜಿಯಿಂದ ಮೊಡವೆ ಬರಬಹುದು. ಎದೆಯ ತೊಟ್ಟಿನ ಕೆಳಗೆ ಗಂಟಿನ ಹಾಗೆ ನೋಯಬಹುದು. ಟೆಸ್ಟೋಸ್ಟೆರೋನಿನ ಒಂದು ಪಾಲು ದೇಹದಲ್ಲಿ ಈಸ್ಟ್ರೋಜನ್ ಆಗುವುದರಿಂದ ಹೀಗಾಗುತ್ತದೆ. ಡೋಸ್ ಇಳಿಸಿದರೆ ಬಹಳಷ್ಟು ಜನರಿಗೆ ಕಡಿಮೆ ಆಗುತ್ತದೆ. ಮುಚ್ಚಿಟ್ಟುಕೊಂಡು ಕೂರಬೇಡಿ. ಅಡಿಕೆ ಬೇಯಿಸುವ ಒಲೆಯ ಮುಂದೆ ನಿಲ್ಲುವುದರಿಂದ ತೊಂದರೆಯಾ ಅಂತ ಈ ಕಡೆಯ ಬಹಳ ಜನ ಕೇಳುತ್ತಾರೆ. ದಿನವಿಡೀ ಬಿಸಿಯಲ್ಲಿ ಇರುವುದು ವೀರ್ಯಾಣುವಿಗೆ ಒಳ್ಳೆಯದಲ್ಲ ನಿಜ, ಸುಗ್ಗಿಯ ಕೆಲವು ದಿನ ಆ ಕೆಲಸ ಬೇರೆಯವರಿಗೆ ಬಿಟ್ಟರೆ ಒಳ್ಳೆಯದು. ಬೀಡಿ, ಸಿಗರೇಟು ಬಿಡಿ.

ಜ್ವರದ ವಿಷಯ ಹೇಳದೆ ಮುಂದೆ ಹೋಗಲಾರೆ. ನಮ್ಮ ಜಿಲ್ಲೆಯಲ್ಲಿ ಮಳೆಗಾಲಕ್ಕೆ ಡೆಂಗಿ, ಇಲಿ ಜ್ವರ. ಬೇಸಿಗೆಗೆ ಮಂಗನ ಕಾಯಿಲೆ, 1957ರಲ್ಲಿ ಅದು ಮೊದಲು ಪತ್ತೆಯಾದದ್ದೇ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ. ಜ್ವರ ಬಂದರೆ ಹೈಡ್ರೋಕಾರ್ಟಿಸೋನ್ ಎರಡು ಪಟ್ಟು, ಜೋರು ಜ್ವರಕ್ಕೆ ಮೂರು ಪಟ್ಟು. ಇಳಿದ ಮೇಲೆ ಮೊದಲಿನ ಹಾಗೆ. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ತಕ್ಷಣ ಬೇಕು. ರಸ್ತೆ ಬಂದ್ ಆಗುವ ಊರಿನಲ್ಲಿ ಇರುವವರು ಒಂದು ಬಾಟಲಿ ಮನೆಯಲ್ಲೇ ಇಟ್ಟುಕೊಂಡು, ಹೆಂಡತಿಗೋ ತಮ್ಮನಿಗೋ ತೊಡೆಗೆ ಚುಚ್ಚುವುದು ಕಲಿಸಿರಿ. ಪರ್ಸಿನಲ್ಲಿ 'ಪಿಟ್ಯುಟರಿ ಇಲ್ಲ, ಸ್ಟೀರಾಯ್ಡ್ ಬೇಕು' ಅಂತ ಬರೆದ ಚೀಟಿ ಇರಲಿ. ಜೋರು ಜ್ವರ ಬಂದು ಹೋದ ಮೇಲೆ ಎರಡು ಮೂರು ತಿಂಗಳು ವೀರ್ಯಾಣು ಎಣಿಕೆ ಇಳಿಯುತ್ತದೆ. ಚಿಕಿತ್ಸೆ ಸೋತಿತು ಅಂದುಕೊಳ್ಳಬೇಡಿ.

ಮಗುವಿನ ಪ್ರಶ್ನೆಗೆ ಬರುತ್ತೇನೆ. ಈ ಇಂಜೆಕ್ಷನ್‌ಗಳು ಪಿಟ್ಯುಟರಿ ಕೊಡುತ್ತಿದ್ದ ಸಂದೇಶವನ್ನೇ ಕೊಡುತ್ತವೆ, ವೀರ್ಯಾಣುವಿನ ಒಳಗಿನ ವಂಶವಾಹಿಯನ್ನು ಮುಟ್ಟುವುದಿಲ್ಲ. ಇದರಿಂದ ಹುಟ್ಟಿದ ಮಕ್ಕಳು ಬೇರೆ ಮಕ್ಕಳ ಹಾಗೇ ಇರುತ್ತಾರೆ. ಆಪರೇಷನ್‌ನಿಂದ ಬಂದ ಹಾರ್ಮೋನು ಕೊರತೆ ಮಗುವಿಗೆ ಹೋಗುವುದಿಲ್ಲ. ಪಿಟ್ಯುಟರಿ ಗೆಡ್ಡೆ ಕೂಡ ಬಹುತೇಕ ಮನೆಗಳಲ್ಲಿ ಒಬ್ಬರಿಗೆ ಬಂದು ಅಲ್ಲಿಗೇ ನಿಲ್ಲುತ್ತದೆ. ಅಪರೂಪಕ್ಕೆ ವಂಶದಲ್ಲಿ ಬರುವ ಬಗೆಗಳಿವೆ. ನಿಮ್ಮ ತಂದೆ, ತಾಯಿ, ಒಡಹುಟ್ಟಿದವರಿಗೆ ಇಂಥದ್ದೇ ಗೆಡ್ಡೆ ಇದ್ದರೆ, ಅಥವಾ ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದು ಪದೇ ಪದೇ ಕಿಡ್ನಿ ಕಲ್ಲು ಬರುತ್ತಿದ್ದರೆ ತಜ್ಞರಿಗೆ ಹೇಳಿ.

ಗರ್ಭ ನಿಂತ ದಿನವೇ ಇಂಜೆಕ್ಷನ್ ನಿಲ್ಲಿಸಬೇಡಿ. ಮೊದಲ ಮೂರು ತಿಂಗಳು ದಾಟಲಿ, ಗರ್ಭಪಾತ ಆದರೆ ಮತ್ತೆ ಮೊದಲಿನಿಂದ ಶುರು ಮಾಡುವ ಪರಿಸ್ಥಿತಿ ಬೇಡ. ವೀರ್ಯಾಣು ಚೆನ್ನಾಗಿ ಬಂದ ಮೇಲೆ ಒಂದೆರಡು ಸಲದ್ದನ್ನು ಶೈತ್ಯದಲ್ಲಿ ಕಾಪಿಡಿಸಿ, ಎರಡನೇ ಮಗುವಿಗೆ ಬೇಕಾಗಬಹುದು. ಆಮೇಲೆ ಟೆಸ್ಟೋಸ್ಟೆರೋನ್ ಇಂಜೆಕ್ಷನ್‌ಗೆ ವಾಪಸ್ ಹೋಗಬಹುದು, ಅದಕ್ಕೆ ಖರ್ಚೂ ಕಡಿಮೆ, ಚುಚ್ಚಿಸಿಕೊಳ್ಳುವುದೂ ಕಡಿಮೆ. ಎರಡನೇ ಮಗು ಬೇಗ ಬೇಕು ಅನ್ನುವುದಾದರೆ ಎಫ್‌ಎಸ್‌ಎಚ್ ಬಿಟ್ಟು ಎಚ್‌ಸಿಜಿ ಮಾತ್ರ ಮುಂದುವರಿಸಿ. ಒಮ್ಮೆ ಶುರುವಾದ ಉತ್ಪಾದನೆಯನ್ನು ಬಹಳ ಜನರಲ್ಲಿ ಅದೊಂದೇ ಕಾಯ್ದುಕೊಂಡು ಹೋಗುತ್ತದೆ. ಪೂರ್ತಿ ನಿಲ್ಲಿಸಿ ಕೆಲವು ವರ್ಷ ಬಿಟ್ಟು ಬಂದರೂ ಎರಡನೇ ಸಲ ಸಾಮಾನ್ಯವಾಗಿ ಮೊದಲಿನಷ್ಟು ಕಾಯಬೇಕಾಗುವುದಿಲ್ಲ.